ಪದ್ಮಾಳ ಗೊಂಚಾ

ಇವತ್ತು ಬೆಳಿಗ್ಗೆ ಚನ್ನಪಟ್ಟಣದಲ್ಲಿ ಒಂದು ಶಾಲು ಕೊಂಡೆ. ಅಂಗಡಿಯವರು ಮಡಿಕೆಯೊಳಗೆ ಎರಡು ನುಸಿಗುಳಿಗೆ ಹಾಕಿ ಕೊಟ್ಟರು. ಬಸ್ಸಿನಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡನ್ನೂ ಕಿಟಕಿಯಾಚೆ ಎಸೆದುಬಿಟ್ಟೆ. ಗುಳಿಗೆಗೆ ಹೆದರುವ ಹೆಂಗಸು ಎಂದು ನೀವು ನಗಬಹುದು. ಕಾರಣ ಕೇಳಿ, ಆಮೇಲೆ ನಗಿ.

ಏಳು ವರ್ಷದ ಹಿಂದೆ, ಮಿಲಿಟರಿಯಲ್ಲಿರುವ ನನ್ನ ಮೈದುನ ಲಡಾಖಿನ ಹುಡುಗಿಯನ್ನು ಮದುವೆಯಾಗಿ ನಮ್ಮೂರು ಅಕ್ಕೂರಿಗೆ ಕರೆತಂದ. ಹೆಸರು ಪದ್ಮಾ. “ನಮ್ಮೋರ್ ಹೆಸ್ರೇ ಐತಲ್ಲ” ಎಂದು ಅತ್ತೆಗೆ ಅರ್ಧ ಸಮಾಧಾನ. ಅವಳ ಟ್ರಂಕಿನಲ್ಲಿ ಮದುವೆಯ ಗೊಂಚಾ ಇತ್ತು. ಹಿಮ್ಮಡಿಯವರೆಗೆ ಇಳಿಯುವ ಕಡುಗೆಂಪು ಉಣ್ಣೆಯ ನಿಲುವಂಗಿ ಅದು. ಅವಳ ಅಮ್ಮ ನೂತ ನೂಲಿನಿಂದ ಅಪ್ಪ ಗೇಣಗಲದ ಪಟ್ಟಿಗಳನ್ನು ನೇಯ್ದು, ಅವನ್ನೆಲ್ಲ ಸೇರಿಸಿ ಹೊಲಿಸಿದ್ದರಂತೆ. ಎತ್ತಿಕೊಂಡರೆ ಕೂಸಿನಷ್ಟು ಭಾರ. ಅಕ್ಕಪಕ್ಕದವರಿಗೆಲ್ಲ ಅದನ್ನು ನಾನೇ ತೋರಿಸಿದೆ, ನಾನೇ ನೇಯ್ದವಳ ಹಾಗೆ. ನುಸಿ ತಿಂದೀತೆಂದು ನುಸಿಗುಳಿಗೆಗಳನ್ನು ಗಂಟು ಕಟ್ಟಿ ಅದರ ತೋಳಿನೊಳಗೆ ಇಟ್ಟವಳೂ ನಾನೇ. ಪದ್ಮಾಗೆ ಹೇಳಬೇಕೆಂದು ಹೊಳೆಯಲಿಲ್ಲ.

ಆಗ ನಮ್ಮ ಮನೆಯ ರೇಷ್ಮೆಹುಳು ಕೊನೆಯ ಸಲ ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದಿದ್ದವು. ಇನ್ನೊಂದು ವಾರಕ್ಕೆ ಗೂಡು. ಆ ಹೊತ್ತಿನಲ್ಲಿ ಹುಳುಮನೆಗೆ ಊದುಬತ್ತಿಯ ಹೊಗೆಯೂ ಸೋಕಬಾರದು. ನಾವೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿದ್ದಾಗ ಮಳೆಗಾಳಿ ಎದ್ದಿತು. ಹುಳುಗಳಿಗೆ ಚಳಿಯಾದೀತೆಂದು ಪದ್ಮಾ ತನ್ನ ಗೊಂಚಾ ತಂದು ಹುಳುಮನೆಯ ಕಿಟಕಿಗೆ ಅಡ್ಡ ಕಟ್ಟಿದಳು.

ನಾವು ಬರುವಷ್ಟರಲ್ಲಿ ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ತೂಗುತ್ತಿದ್ದವು. ಕೆಲವು ಹಸಿರು ನೀರು ಕಾರುತ್ತಿದ್ದವು. ಅತ್ತೆ ವಾಸನೆ ಹಿಡಿದು ಗೊಂಚಾ ಎಳೆದು ಕೊಡವಿದರು. ಗಂಟು ಬಿಚ್ಚಿಕೊಂಡು ಬಿಳಿ ಗುಳಿಗೆಗಳು ನೆಲದಲ್ಲಿ ಉರುಳಿದವು.

“ಏನಮ್ಮಿ, ಈ ಗುಳ್ಗೆ ಯಾಕಿಟ್ಟೆ?”

ಪದ್ಮಾ ಗುಳಿಗೆ ನೋಡಿದಳು, ಅತ್ತೆಯ ಮುಖ ನೋಡಿದಳು, ನನ್ನನ್ನು ನೋಡಿದಳು. ನಾನು ಹುಳುತಟ್ಟೆಯ ಕಡೆ ತಿರುಗಿಕೊಂಡೆ. ಅವಳಿಗೆ ಆಗ ಬರುತ್ತಿದ್ದುದು ನಾಲ್ಕೈದು ಕನ್ನಡ ಮಾತು. ಅದರಲ್ಲೊಂದನ್ನು ಹೇಳಿದಳು: “ತಪ್ಪಾಯ್ತು.”

ಕಿಟಕಿಗಳನ್ನೆಲ್ಲ ತೆರೆದೆವು, ಹೊಸ ಸೊಪ್ಪು ಹಾಕಿದೆವು. ಮೂರು ದಿನ ಹುಳು ಸಾಯುತ್ತಲೇ ಇದ್ದವು. ಸತ್ತ ಹುಳುಗಳನ್ನು ಮಂಕರಿ ತುಂಬ ಹೊತ್ತು ಹಾಕಿದವಳು ಪದ್ಮಾ. ಅವಳು ಮಂಕರಿ ಎತ್ತಿದಾಗಲೆಲ್ಲ, ಈಗ ಹೇಳುತ್ತೇನೆ ಅಂದುಕೊಂಡೆ. ಅರ್ಧದಷ್ಟು ಹುಳು ಬದುಕಿ ಗೂಡು ಕಟ್ಟಿದವು. ನಾನು ಹೇಳಲಿಲ್ಲ.

ಆಮೇಲಿಂದ ಅವಳು ಮೈದುನನ ಕೆಲಸದೂರಿನಿಂದ ವರ್ಷಕ್ಕೊಮ್ಮೆ ಬರುತ್ತಾಳೆ, ಅತ್ತೆಯ ಹಾಗೇ ಕನ್ನಡ ಮಾತಾಡುತ್ತಾಳೆ. ಗೊಂಚಾ ಮಾತ್ರ ಮತ್ತೆ ತರಲಿಲ್ಲ.

ಇವತ್ತು ಬಸ್ಸಿಳಿದವಳೇ ನೇರ ಅತ್ತೆಯ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಅವರು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದರು.

“ಅವ್ಳಿಗೇಳ್ದ್ಯಾ?”

“ಇಲ್ಲ.”

“ಮತ್ತೆ ನಂಗ್ಯಾಕೇಳ್ತೀಯ? ಮಾಡು ಫೋನು.”

ಅವರ ಎದುರೇ ಮಾಡಿದೆ. ಪದ್ಮಾ ಪೂರ್ತಿ ಕೇಳಿಸಿಕೊಂಡಳು.

“ಆವತ್ತೇ ಗೊತ್ತಾಯ್ತು ಕಣಕ್ಕ, ನೀವು ಮುಖ ತಿರುಗಿಸ್ದಾಗ” ಎಂದಳು. “ಆ ಗೊಂಚಾನ ಆಮೇಲೆ ನಾನು ಹಾಕ್ಕಂಡೇ ಇಲ್ಲ. ಅಪ್ಪ ವರ್ಷ ವರ್ಷಾನೂ ಕೇಳ್ತಾರೆ, ಯಾಕವ್ವ, ನಾನು ನೇಯ್ದಿದ್ದು ಚೆನ್ನಾಗಿಲ್ವಾ ಅಂತ.”

“ತಪ್ಪಾಯ್ತು” ಎಂದೆ.

“ಸಂಜೆ ಅಪ್ಪಂಗೆ ಫೋನ್ ಮಾಡ್ತೀನಿ, ನಿಮ್ಮನ್ನೂ ಸೇರಿಸ್ತೀನಿ. ಅವ್ರಿಗೆ ನೀವೇ ಹೇಳಿ. ಹಿಂದೀಲಿ ನಿಧಾನಕ್ಕೇಳಿದ್ರೆ ಅರ್ಥ ಆಯ್ತದೆ.”

ಈಗ ಐದೂವರೆ. ಫೋನು ಮಡಿಲಲ್ಲಿದೆ. ಅತ್ತೆ ಪಕ್ಕ ಬಿಟ್ಟು ಎದ್ದಿಲ್ಲ.