ಕೊನೆಯ ಬೆಂಚಿನ ಮೇಡಂ

ಟ್ಯೂಷನ್ ಸೆಂಟರಿನಲ್ಲಿ ಇಂಗ್ಲಿಷ್ ಕಲಿಸಲು ಹೊಸದಾಗಿ ಬಂದವರನ್ನೆಲ್ಲ ತಿದ್ದಿ ತೀಡುವ ಕೆಲಸ ಮೇಡಂ ಅವರದು. ಹೊಸಬರು ಪಾಠ ಮಾಡುವಾಗ ಅವರು ಕೊನೆಯ ಬೆಂಚಿನಲ್ಲಿ, ಮಕ್ಕಳ ಚೀಲಗಳ ನಡುವೆ ಮುದುಡಿ ಕೂರುತ್ತಿದ್ದರು. ತಲೆ ನರೆತರೂ ಮೇಡಂ ಇನ್ನೂ ಪಾಸಾಗಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆಯಿತ್ತು. ತಮಾಷೆ ಮಾಡುವವರೆಲ್ಲ ಅವರ ಕೈಯಲ್ಲೇ ಪಳಗಿದವರು.

ಪಾಠ ಮಾಡುವವರು ತಡವರಿಸಿದರೆ ಮೇಡಂಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಮೊದಲು ಹುಬ್ಬು ಹಾರಿಸುವರು, ಆಮೇಲೆ ತುಟಿಯಾಡಿಸುವರು, ಅದೂ ಸಾಲದಿದ್ದರೆ ಕೂತಲ್ಲಿಂದಲೇ ಮುಂದಿನ ಮಾತು ಹೇಳಿಬಿಡುವರು. ತಮ್ಮ ಮೊದಲ ಪಾಠದ ದಿನ ಯಾರೂ ನೆರವಿಗೆ ಬಾರದೆ, ಪಕ್ಕದ ಕೋಣೆಗೆ ಹೋಗಿ ಅತ್ತವರು ಅವರು. ಆ ಗತಿ ಇನ್ನೊಬ್ಬರಿಗೆ ಬರಬಾರದೆಂಬ ಹಟ.

ಈ ಸಲ ಬಂದವರು ಬಹುಕಾಲ ಔಷಧಿ ಅಂಗಡಿಯಲ್ಲಿ ದುಡಿದಿದ್ದ ಗೃಹಸ್ಥ. ಅಂಗಡಿ ಮುಚ್ಚಿತ್ತು, ಮನೆಯಲ್ಲಿ ಓದುವ ಹೆಣ್ಣುಮಕ್ಕಳಿದ್ದರು. ಬಂದ ದಿನವೇ ಅವರಿಗೆ ಮಾತ್ರೆ ಮೇಷ್ಟ್ರು ಎಂದು ಹೆಸರು ಬಿತ್ತು. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಮಕ್ಕಳೆದುರು ನಿಂತರೆ ಮಾತ್ರ ಬಾಯಿ ಒಣಗುತ್ತಿತ್ತು. ಮಾತುಮಾತಿಗೂ ಕೊನೆಯ ಬೆಂಚಿನ ಕಡೆ ನೋಡುವರು. ಮೇಷ್ಟ್ರ ಕಣ್ಣು ಹೋದಲ್ಲಿಗೆ ಮಕ್ಕಳ ಕತ್ತೂ ತಿರುಗುವುದು. ತಿಂಗಳ ಕೊನೆಗೆ ಸೆಂಟರಿನ ಯಜಮಾನರು ಅವರ ಪಾಠ ಕೇಳಿ, ಇಟ್ಟುಕೊಳ್ಳುವುದೋ ಕಳಿಸುವುದೋ ತೀರ್ಮಾನಿಸುವವರಿದ್ದರು.

ಅದರ ಹಿಂದಿನ ದಿನ ಯಜಮಾನರು ಮೇಡಂ ಅವರನ್ನು ಕರೆಸಿದರು. ಮೇಷ್ಟ್ರ ಪಾಠವನ್ನು ಒಮ್ಮೆ ಬಾಗಿಲ ಸಂದಿಯಿಂದ ನೋಡಿದ್ದರಂತೆ.

"ತಪ್ಪು ತಿಳ್ಕೋಬೇಡಿ. ನೀವು ತಯಾರು ಮಾಡಿದೋರೆಲ್ಲ ಪಾಠ ಮಾಡೋದು ನಿಮಗೆ. ಮಕ್ಕಳಿಗಲ್ಲ."

ಮೇಡಂಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಗಂಡನ ಮುಂದೆ ಯಜಮಾನರನ್ನು ಹಿಗ್ಗಾಮುಗ್ಗಾ ಬೈದರು. ತರಕಾರಿ ಹೆಚ್ಚುತ್ತಿದ್ದ ಗಂಡ, ತನ್ನ ಕೈಯಿಂದಲೂ ಅವಳು ದಿನಾ ಹೀಗೇ ಚಾಕು ಕಿತ್ತುಕೊಂಡು ತಾನೇ ಹೆಚ್ಚುತ್ತಾಳಲ್ಲ ಎಂದರು. ಬೈಗುಳ ಅಲ್ಲಿಗೆ ನಿಂತಿತು.

ಮರುದಿನ ಮೇಡಂ ಪಾಠಕ್ಕೆ ಒಳಗೆ ಹೋಗಲಿಲ್ಲ. ವರಾಂಡದಲ್ಲಿ, ಒಳಗಿನವರಿಗೆ ಕಾಣದ ಹಾಗೆ ಗೋಡೆಗೊರಗಿ ನಿಂತರು. ಮಾತ್ರೆ ಮೇಷ್ಟ್ರ ದನಿ ನಡುಗುತ್ತಾ ಶುರುವಾಗಿ, ಸ್ವಲ್ಪ ದೂರ ಸಾಗಿ, ತಟಕ್ಕನೆ ನಿಂತಿತು. ಮುಂದಿನ ಮಾತು ಮೇಡಂ ನಾಲಿಗೆಯ ತುದಿಯಲ್ಲೇ ಇತ್ತು. ಕೈ ಬಾಗಿಲ ಚೌಕಟ್ಟಿನವರೆಗೂ ಹೋಯಿತು. ಸುಮ್ಮನೆ ನಿಂತು ಒಂದು ಸಂಸಾರದ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆ ಎನಿಸಿ ನಿಜಕ್ಕೂ ಹೆದರಿಕೆಯಾಯಿತು. ಆದರೂ ಹಲ್ಲು ಕಚ್ಚಿಕೊಂಡು ನಿಂತರು.

ಒಳಗೆ ಮೇಷ್ಟ್ರು ಕೆಮ್ಮಿದರು. "ಮರೆತೋಯ್ತು ಮಕ್ಕಳೇ. ಎಲ್ಲಿದ್ವಿ ನಾವು? ಯಾರಾದ್ರೂ ಹೇಳಿ ನೋಡೋಣ."

ನಾಲ್ಕಾರು ಮಕ್ಕಳು ಒಟ್ಟಿಗೇ ಬಾಯಿ ಹಾಕಿದರು. ಯಾರೋ ತಪ್ಪು ಹೇಳಿದರು, ಇನ್ಯಾರೋ ತಿದ್ದಿದರು, ಮೇಷ್ಟ್ರು ನಕ್ಕರು. ಆಮೇಲೆ ಪಾಠ ನಿಲ್ಲಲೇ ಇಲ್ಲ.

ಯಜಮಾನರು ಹೊರಬಂದು, ಇವರು ಇರಲಿ ಎಂದು ಮೇಡಂಗೆ ಹೇಳಿ ಹೋದರು. ಹಿಂದೆಯೇ ಬಂದ ಮೇಷ್ಟ್ರು ಬೆವರು ಒರೆಸಿಕೊಂಡರು.

"ನೀವು ಕಾಣ್ಲಿಲ್ಲ ಅಂತ ಮೊದಲು ಕೈಕಾಲೇ ಆಡ್ಲಿಲ್ಲ. ಆಮೇಲೆ ನಿಮ್ಮನ್ನ ಮರೆತೇಬಿಟ್ಟೆ, ಮೇಡಂ."

ಅಷ್ಟು ಹೇಳಿ, ಹೆಂಡತಿಗೆ ಫೋನ್ ಮಾಡುತ್ತಾ ಮೆಟ್ಟಿಲಿಳಿದರು. ಮೇಡಂಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷಗಳಲ್ಲಿ ತಮ್ಮ ಕೆಲಸಕ್ಕೆ ಯಾರೂ ಇದಕ್ಕಿಂತ ದೊಡ್ಡ ಮಾತು ಹೇಳಿರಲಿಲ್ಲ ಎಂದು ಹೊಳೆಯಲು ಅವರಿಗೆ ಮನೆ ತಲುಪುವಷ್ಟು ಹೊತ್ತು ಬೇಕಾಯಿತು.