ಬಾಯಲ್ಲಿ ಹಾಕಿದ ಒಗ್ಗರಣೆ

ಮೊನ್ನೆ ತಿಪಟೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಲ್ಲಿಂದಲೋ ಕೊಬ್ಬರಿ ಚಿಪ್ಪು ಸುಡುವ ಹೊಗೆ ಬಂತು. ನೊಣವಿನಕೆರೆಯ ನಮ್ಮ ಹಿತ್ತಲು ನೆನಪಾಯಿತು. ಎಪ್ಪತ್ತರ ದಶಕದ ಕೊನೆಯಿರಬೇಕು… ಹಿತ್ತಲ ಕೋಣೆಯಲ್ಲಿ ಗಂಡ ಸತ್ತ ಹೆಂಗಸೊಬ್ಬಳು ಮಗ, ಪುಟ್ಟ ಮಗಳೊಂದಿಗೆ ಇದ್ದಳು. ನಮ್ಮ ಅಟ್ಟದಲ್ಲಿ ಒಣಗಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದು ಅವಳ ಕೆಲಸ. ಮಗ ನನ್ನ ಓರಗೆಯವನು. ಮೇಷ್ಟ್ರ ಕೆಮ್ಮು, ಬಸ್ಸಿನ ಗೇರು, ಎಲ್ಲವನ್ನೂ ಬಾಯಲ್ಲೇ ಮಾಡುತ್ತಿದ್ದ.

ಅಮ್ಮ ಅವರಿಗೆ ಆಗಾಗ ರಾಗಿ ಹಿಟ್ಟು ಕೊಡುತ್ತಿದ್ದಳು. ಒಂದು ಸಂಜೆ ಗೋಡೆಯಾಚೆ ಸಾಸಿವೆ ಸಿಡಿಯುವ ಸದ್ದು, ಹಿಂದೆಯೇ ಒಗ್ಗರಣೆಯ ‘ಚೊಂಯ್’. ಮರುದಿನವೂ ಅದೇ. ಅಮ್ಮನ ಮುಖ ಬಿಗಿಯಿತು.

“ಹಿಟ್ಟಿಗೆ ಗತಿಯಿಲ್ಲ ಅಂತಾಳೆ, ದಿನಾ ಒಗ್ಗರಣೆ ಹಾಕ್ತಾಳೆ. ಎಣ್ಣೆ ಎಲ್ಲಿಂದ ಬತ್ತದೆ? ನಮ್ ಕೊಬ್ಬರಿ ಕದ್ದು ಮಾರ್ತಾವ್ಳೆ ಕಣ್ಲಾ.”

ಹಿಟ್ಟು ಕೊಡುವುದು ನಿಂತಿತು. ನನಗೆ ಕಾವಲು ಕೆಲಸ ಬಂತು. ಅವಳ ಸೆರಗಿನ ಗಂಟು, ಅವನ ಚಡ್ಡಿ ಜೇಬು… ಎಲ್ಲದರ ಮೇಲೂ ಕಣ್ಣಿಟ್ಟೆ. ಏನೂ ಸಿಗಲಿಲ್ಲ. ಸಿಗದಿದ್ದಷ್ಟೂ ಅವರು ಪಕ್ಕಾ ಕಳ್ಳರೆನ್ನಿಸಿತು. ಒಂದನ್ನು ಮಾತ್ರ ಗಮನಿಸಿದ್ದೆ: ಸದ್ದು ಬರುತ್ತಿತ್ತು, ವಾಸನೆ ಬರುತ್ತಿರಲಿಲ್ಲ. ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಪತ್ತೇದಾರಿ ಆಟ ಮುಗಿದುಹೋಗುತ್ತಿತ್ತು.

ತಿಂಗಳೊಳಗೆ ಅಮ್ಮ ಕೋಣೆ ಖಾಲಿ ಮಾಡಿಸಿದಳು. ಅವರು ತಿಪಟೂರು ಸೇರಿದರು. ಅವನು ರೈಲಿನಲ್ಲಿ ಕಡಲೆಕಾಯಿ ಮಾರುತ್ತಾ ಜನರನ್ನು ನಗಿಸುತ್ತಿದ್ದನಂತೆ. ಆರ್ಕೆಸ್ಟ್ರಾದವರು ಕಂಡು ಕರೆದೊಯ್ದರಂತೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನ ಹಾಸ್ಯದ ಕ್ಯಾಸೆಟ್ಟು ಹಾಕದ ಹೋಟೆಲಿರಲಿಲ್ಲ.

“ಬಂಡವಾಳ ನಮ್ ಕೊಬ್ಬರೀದೇ ಬುಡು,” ಅನ್ನುತ್ತಿದ್ದಳು ಅಮ್ಮ.

ತಿಪಟೂರಿನಲ್ಲಿ ಅವನ ಕಾರ್ಯಕ್ರಮವಾದಾಗ, ನಮ್ಮ ಮಾನ ಕಳೆಯುತ್ತಾನೇನೋ ಎಂಬ ಅನುಮಾನದಿಂದಲೇ ಇಬ್ಬರೂ ಹೋಗಿ ಕೂತೆವು. ಅವನು ಮೈಕಿಗೆ ಬಾಯಿಟ್ಟು ಸಾಸಿವೆ ಸಿಡಿಸಿದ. ‘ಚೊಂಯ್’ ಎನ್ನಿಸಿದ.

“ನಮ್ ತಂಗಿ ಬರೀ ಮುದ್ದೆ ಉಣ್ಣಾಕೆ ಅಳೋಳು ಕಣ್ರೀ. ಅದಕ್ಕೇ ಸಾರು ನಾನೇ ಮಾಡ್ತಿದ್ದೆ, ಬಾಯಲ್ಲಿ!”

ಮೈದಾನವೆಲ್ಲ ನಕ್ಕಿತು. ಅಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮುಗಿದ ಮೇಲೆ ಅವಳೇ ವೇದಿಕೆಯ ಹಿಂದೆ ಹೋದಳು. “ಎಣ್ಣೆ ಇರ್ಲಿಲ್ವೇನಪ್ಪಾ?”

“ಇದ್ದಿದ್ರೆ ನಾನ್ಯಾಕೆ ಸದ್ದು ಮಾಡ್ತಿದ್ದೆ ಅಮ್ಮಾವ್ರೇ?” ಎಂದು ನಕ್ಕ. ಆ ನಗು ಮನಸ್ಸಿನದೋ ವೇದಿಕೆಯದೋ ಎಂದು ಅಲ್ಲೂ ನಾನು ಅನುಮಾನಿಸಿದೆ.

“ನಿಮ್ಮವ್ವ ಎಲ್ಲವ್ಳೆ? ಒಂದ್ ಮಾತಾಡ್ಬೇಕಿತ್ತು.”

ಅವನ ನಗು ಆರಿತು. “ತಡವಾಯ್ತು ಬುಡಿ,” ಎಂದ.

ಅಮ್ಮ ತೀರಿಕೊಂಡು ಬಹಳ ವರ್ಷಗಳಾದವು. ಅವನೂ ಹೋದ ಸುದ್ದಿಯನ್ನು ಈಚೆಗೆ ಪತ್ರಿಕೆಯಲ್ಲಿ ಓದಿದೆ. ತಂಗಿ ಅಮ್ಮಸಂದ್ರದಲ್ಲಿದ್ದಾಳಂತೆ. ಕ್ಷಮೆ ಕೇಳಲು ಉಳಿದಿರುವವಳು ಅವಳೊಬ್ಬಳೇ. ಹೋಗಬೇಕು ಅಂದುಕೊಳ್ಳುತ್ತೇನೆ, ಹೋಗಿಲ್ಲ… ಬಾಗಿಲು ತೆರೆದವಳು, ಇವನೀಗ ಯಾಕೆ ಬಂದ ಎಂದು, ನಾನಂದು ಅವಳವ್ವನ ಸೆರಗಿನ ಗಂಟು ನೋಡಿದ ಹಾಗೆ, ನನ್ನ ಕೈಯನ್ನೇ ನೋಡುತ್ತಾಳೇನೋ.