ಮಿಲ್ಲಿನ ಕೂಸಿನ ‘ವಲ್ಲೆ’

ನನ್ನ ಮೊಮ್ಮಗಳು ಇವತ್ತು ಮುಂಜಾನೆ ‘ವಲ್ಲೆ’ ಅಂದಳು! ನನಗೇ ಅಂದಳು, ಮುಖ ನೋಡಿ, ಬಾಯಿ ತುಂಬ. ನಾಲ್ಕು ತುಂಬಿದ ಹುಡುಗಿ ಬೇಡವೆಂದರೆ ಇಷ್ಟು ಕುಣಿಯಬೇಕೆ ಎನ್ನುವವರು ಎನ್ನಲಿ. ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಮಾನ್ವಿಯಿಂದ ಸಿರವಾರಕ್ಕೆ ಹೋಗುವ ದಾರಿಯ ಅಕ್ಕಿ ಮಿಲ್ಲಿನಲ್ಲಿ ನಾವೆಲ್ಲ ದುಡಿದವರು. ಮಗ ಚೀಲ ಹೊರುತ್ತಾನೆ. ಸೊಸೆ ಮತ್ತು ನಾನು ನುಚ್ಚು ಕೇರುತ್ತಿದ್ದೆವು. ಕೂಸಿನ ಜೋಳಿಗೆಯನ್ನು ಮಿಲ್ಲಿನ ಕಂಬಕ್ಕೇ ಕಟ್ಟಿದ್ದೆವು. ಯಂತ್ರ ಶುರುವಾದರೆ ಪಕ್ಕದವರು ಕೂಗಿದರೂ ಕೇಳದು. ಅಲ್ಲಿ ಮಾತೆಲ್ಲ ಕೈಯದು. ಅಂಗೈ ಎತ್ತಿದರೆ ಯಂತ್ರ ನಿಲ್ಲಿಸು, ಹೆಬ್ಬೆರಳು ತುಟಿಗೆ ಇಟ್ಟರೆ ನೀರು. ನಡೆಯುವ ಮೊದಲೇ ಕೂಸು ಅದನ್ನೆಲ್ಲ ಕಲಿತಿತ್ತು. ‘ಏ, ನಮ್ಮ ಸಣ್ಣ ಮೇಸ್ತ್ರಿ ಬಂದಳ್ರಪಾ!’ ಎಂದು ಹಮಾಲರು ನಗುತ್ತಿದ್ದರು, ನಾವು ಹಿಗ್ಗುತ್ತಿದ್ದೆವು. ಮನೆಗೆ ಬಂದರೂ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲುತ್ತಿರಲಿಲ್ಲ. ದಣಿದವರು ಉಣ್ಣುವಾಗಲೂ ಕೈಯಲ್ಲೇ ಕೇಳಿ ಕೈಯಲ್ಲೇ ಹೇಳುತ್ತಿದ್ದೆವು.

ಅಂಗನವಾಡಿಗೆ ಕಳಿಸಿದಾಗ ತಿಳಿಯಿತು, ಕೂಸಿಗೆ ಬಾಯಿಮಾತೇ ಬಂದಿಲ್ಲವೆಂದು. ನೀರು ಬೇಕೆಂದು ಹೆಬ್ಬೆರಳು ತುಟಿಗೆ ಇಟ್ಟರೆ, ಬೆರಳು ಚೀಪುತ್ತಾಳೆಂದು ಟೀಚರು ಕೈ ಎಳೆಯುತ್ತಿದ್ದಳು. ತುಟಿ ಒಣಗಿಸಿಕೊಂಡು ಕೂಸು ಮನೆಗೆ ಬರುತ್ತಿತ್ತು. ‘ಯವ್ವಾ, ಇದಕ್ಕ ಮಾತ ಇಲ್ಲಲ್ಲ, ನಾ ಹ್ಯಾಂಗ ತಿಳ್ಕೊಳ್ಳಿ?’ ಎಂದಳು ಟೀಚರು. ಅವಳದೂ ತಪ್ಪಲ್ಲ.

ದೇವದುರ್ಗದಿಂದ ಸೊಸೆಯ ತಾಯಿ ಬಂದು, ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು. ರಾಯಚೂರಿನ ಡಾಕ್ಟರು ಪರೀಕ್ಷೆ ಮಾಡಿ, ‘ಕಿವಿ ಚಲೋ ಅದಾವ. ಮಿಲ್ಲಿಗೆ ಒಯ್ಯಬ್ಯಾಡ್ರಿ, ಮನ್ಯಾಗ ಇಟ್ಕೊಂಡು ಮಾತಾಡ್ಸ್ರಿ. ಭಾಳ ತಡಾ ಆಗ್ಯದ, ಎಷ್ಟು ಮಾತು ಬರ್ತಾವ ಹೇಳಾಕ ಆಗಲ್ಲ’ ಎಂದರು.

ನಾನು ಮಿಲ್ಲು ಬಿಟ್ಟು ಮನೆಯಲ್ಲಿ ಕುಳಿತು ಮಾತಾಡಿದೆ. ಒಲೆ, ಕೋಳಿ, ಮೆಣಸಿನಕಾಯಿ, ಮುಗಿಲು, ಕಂಡದ್ದನ್ನೆಲ್ಲ. ‘ಯಾಕ ಬೇ, ಗ್ವಾಡಿ ಜೋಡಿ ಮಾತಾಡಾಕತ್ತೀಯೇನು?’ ಎಂದು ನೆರೆಮನೆಯವಳು ಅಣಕಿಸಿದಳು. ‘ನಿನ್ನ ಜೋಡಿ ಆಡೋದ್ಕಿಂತ ಗ್ವಾಡಿನ ಚಲೋ, ಹೋಗ’ ಎಂದೆ. ಆದರೆ ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು, ಗೋಡೆ ಗೋಡೆಯೇ. ಅವಳ ಓರಗೆಯ ಹುಡುಗಿಯರು ಓಣಿಯಲ್ಲಿ ಜಗಳಾಡುವುದು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಜಗಳಕ್ಕೂ ಮಾತು ಬೇಕಲ್ಲ. ಕಡೆಗೆ ನಾನೂ ಸುಮ್ಮನಾದೆ. ಕೈಗಳು ತಾವಾಗಿಯೇ ಸನ್ನೆಗೆ ಮರಳಿದವು.

ಇವತ್ತೂ ಹಾಗೆಯೇ ಹೆಬ್ಬೆರಳು ತುಟಿಗೆ ಇಟ್ಟು, ನೀರು ಬೇಕೇ ಎಂದು ಸನ್ನೆ ಮಾಡಿದೆ. ‘ವಲ್ಲೆ’ ಅಂದಳು.

ಅವಳನ್ನು ಬಗಲಿಗೆ ಏರಿಸಿಕೊಂಡು ಮಿಲ್ಲಿಗೆ ಓಡಿದೆ. ಸೊಸೆಯ ಮುಂದೆ ನಿಂತು ಕೂಗಿದರೆ ಯಂತ್ರದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕೈಯಲ್ಲಿ ಹೇಳೋಣವೆಂದರೆ, ಮಾತು ಬಂತು ಎನ್ನುವುದಕ್ಕೆ ನಮ್ಮಲ್ಲಿ ಸನ್ನೆಯೇ ಇಲ್ಲ! ಎಂದೂ ಬೇಕಾಗಿರಲಿಲ್ಲ. ನನ್ನ ಕಣ್ಣೀರು ನೋಡಿ ಸೊಸೆ ಹೆದರಿ ಅಂಗೈ ಎತ್ತಿದಳು. ಯಂತ್ರ ನಿಂತಿತು.

‘ಏನಾತ್ರಿ ಅತ್ತಿ? ಯಾರಿಗೇನಾತು?’

‘ಮಾತಾಡಿದಳು ಬೇ! ವಲ್ಲೆ ಅಂದಳು!’

ಎಲ್ಲರೂ ಕೂಸಿನ ಬಾಯಿ ನೋಡಿದರು. ಅದು ತೆರೆಯಲಿಲ್ಲ. ‘ಮುದುಕಿ ಕನಸು ಕಂಡಾಳ’ ಎಂದ ಯಾರೋ ಒಬ್ಬ. ಯಂತ್ರ ಮತ್ತೆ ಶುರುವಾಯಿತು.

ಸಂಜೆ ನಾಲ್ವರೂ ಉಣ್ಣಲು ಕುಳಿತೆವು. ರೊಟ್ಟಿ, ಪುಂಡಿಪಲ್ಯ; ಹಿಗ್ಗು ತಡೆಯದೆ ನಾನು ಶಾವಿಗೆ ಪಾಯಸವನ್ನೂ ಮಾಡಿದ್ದೆ. ‘ಇನ್ನೊಂದು ರೊಟ್ಟಿ ಬೇಕೇನವ್ವಾ?’ ಎಂದು ಮಗ ಕೂಸನ್ನು ಕೇಳಿದ. ‘ವಲ್ಲೆ’ ಎನ್ನಲಿ ಎಂದು ನಾವು ಕಾದೆವು. ಅವಳು ತಾಟು ಚಾಚಿದಳು. ಸೊಸೆ ಪಲ್ಯ ಬೇಕೇ ಎಂದಳು, ಮತ್ತೆ ತಾಟು ಬಂತು. ಆ ಒಂದು ಮಾತಿನ ಹಿಂದೆ ಇನ್ನೊಂದು ಬಾರದೆಯೇ ಇರಬಹುದು. ಮಗ ಸನ್ನೆಗೆ ಎದ್ದ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ‘ಯವ್ವಾ, ಖಾರ ಕೊಡು’ ಎಂದು ಜೋರಾಗಿ ಹೇಳಿದ. ಖಾರ ಅವನ ಮೊಣಕಾಲ ಪಕ್ಕದಲ್ಲೇ ಇತ್ತು. ನಾನು ಬಾಗಿ ಎತ್ತಿ, ‘ತಗೋಪಾ, ಖಾರ’ ಎಂದು ಅಷ್ಟೇ ಜೋರಾಗಿ ಕೊಟ್ಟೆ. ಕೂಸು ಪಾಯಸ ಉಣ್ಣುತ್ತಿತ್ತು.